ಪಾಳಿ ಬದಲಾಗಲಿ, ಮಗುವಿನ ಮಧ್ಯಾಹ್ನದ ಎರಡೂವರೆ ಬದಲಾಗದಿರಲಿ

ಪ್ರಶ್ನೆ: ನಾನು ಮುಂಬಯಿಯ ಮುಲುಂಡ್‌ನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಮನೆ ಡೊಂಬಿವಲಿಯಲ್ಲಿ. ಯಜಮಾನರು ಘಾಟ್‌ಕೋಪರ್‌ನ ರೆಸ್ಟೋರೆಂಟಿನಲ್ಲಿ ಕ್ಯಾಪ್ಟನ್. ಮಧ್ಯಾಹ್ನ ಎರಡೂಮುಕ್ಕಾಲಿಗೆ ಮನೆ ಬಿಟ್ಟರೆ ಕೊನೆಯ ಲೋಕಲ್ ಹಿಡಿದು ರಾತ್ರಿ ಒಂದೂವರೆಗೆ ಬರುತ್ತಾರೆ. ಮಗಳಿಗೆ ಎರಡೂವರೆ ವರ್ಷ. ನನಗೆ ಬೆಳಗಿನ ಪಾಳಿ 7.30ರಿಂದ 2.30, ಮಧ್ಯಾಹ್ನದ್ದು 1.30ರಿಂದ 8.30, ರಾತ್ರಿಯದು 8ರಿಂದ 8. ತಿಂಗಳಿಗೆ ಸುಮಾರು 9 ಬೆಳಗಿನ, 9 ಮಧ್ಯಾಹ್ನದ, 7 ರಾತ್ರಿ ಪಾಳಿ. ಡ್ಯೂಟಿ ಲಿಸ್ಟ್ ಬರುವುದು ಶನಿವಾರ ಸಂಜೆ, ಅದೂ ವಾರದ ನಡುವೆ ಬದಲಾಗುತ್ತದೆ. ರಿಲೀವರ್ ಬರದಿದ್ದರೆ ಡಬಲ್ ಡ್ಯೂಟಿ. ವಿಚಾರಿಸಿದ ಡೇಕೇರ್‌ನವರು 9,000 ಕೇಳುತ್ತಾರೆ, ಸಂಜೆ ಏಳಕ್ಕೆ ಬಾಗಿಲು ಹಾಕುತ್ತಾರೆ. ಏಜೆನ್ಸಿಯವರು 24 ಗಂಟೆ ಇರುವ ಬಾಯಿಗೆ (ಕೆಲಸದಾಕೆಗೆ) 22,000 ಸಂಬಳ, ಮೇಲೆ ಒಂದು ತಿಂಗಳ ಕಮಿಷನ್ ಎನ್ನುತ್ತಾರೆ. ಪಕ್ಕದ ಕಟ್ಟಡದ ಆಂಟಿ ದಿನಕ್ಕೆ 250 ರೂಪಾಯಿಗೆ ಒಪ್ಪಿಕೊಂಡವರು ಒಂದೇ ತಿಂಗಳಿಗೆ ಕೈಬಿಟ್ಟರು. ಅತ್ತೆ ಕಾರ್ಕಳದಲ್ಲಿದ್ದಾರೆ, ಮಗುವನ್ನು ಊರಿಗೆ ಕಳುಹಿಸು ಎನ್ನುತ್ತಾರೆ. ನೈಟ್ ಮುಗಿಸಿ ಬಂದ ದಿನ ಮಗಳ ಜೊತೆ ಕುಳಿತಲ್ಲೇ ಕಣ್ಣು ಮುಚ್ಚುತ್ತದೆ. ಕೆಲಸ ಬಿಡುವ ಸ್ಥಿತಿಯಲ್ಲಿ ನಾವಿಲ್ಲ. ಏನು ಮಾಡಲಿ?

ಉತ್ತರ: ಕೆಲಸ ಬಿಡಬೇಡಿ, ಮಗುವನ್ನು ಊರಿಗೂ ಕಳುಹಿಸಬೇಡಿ. 22,000 ರೂಪಾಯಿಯ ಬಾಯಿಯೂ ನಿಮಗೆ ಬೇಕಾಗಿಲ್ಲ. ಡೊಂಬಿವಲಿಯಲ್ಲಿ ಪಾಳಣಾಘರ, ಅಂದರೆ ಶಿಶುಪಾಲನಾ ಕೇಂದ್ರ, ನಡೆಸಿದವಳು ನಾನು. ಆಸ್ಪತ್ರೆ, ವಿಮಾನ ನಿಲ್ದಾಣ, ಮಾಲ್, ಹೋಟೆಲ್ ಎಂದು ದುಡಿಯುವ ತಾಯಂದಿರ ಮಕ್ಕಳನ್ನು ನೋಡಿಕೊಂಡಿದ್ದೇನೆ. ಅವರೆಲ್ಲ ಮೊದಲು ಕೇಳುತ್ತಿದ್ದುದು ಒಂದೇ: ಯಾವ ಹೊತ್ತಿಗೆ ಬೇಕಾದರೂ ನೋಡಿಕೊಳ್ಳುವವರು ಬೇಕು. ಅಂಥವರು ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ನಿಮಗೆ ನಿಜವಾಗಿ ಎಷ್ಟು ಹೊತ್ತು ಜನ ಬೇಕು ಎಂಬುದನ್ನು ಮೊದಲು ಲೆಕ್ಕ ಹಾಕೋಣ.

ಬೆಳಗಿನ ಪಾಳಿಯ ದಿನ ನೀವು ಆರೂಕಾಲಿಗೆ ಹೊರಟು ಮೂರೂಮುಕ್ಕಾಲಿಗೆ ಮನೆ ಸೇರುತ್ತೀರಿ ಎಂದುಕೊಳ್ಳೋಣ. ಎರಡೂಮುಕ್ಕಾಲಿನವರೆಗೆ ಅಪ್ಪ ಮನೆಯಲ್ಲಿದ್ದಾರೆ. ಕೊರತೆ ಒಂದು ಗಂಟೆಯದು. ಮಧ್ಯಾಹ್ನದ ಪಾಳಿಯಲ್ಲಿ ನೀವು ಹನ್ನೆರಡೂಕಾಲಿಗೆ ಹೊರಟು ರಾತ್ರಿ ಒಂಬತ್ತೂಮುಕ್ಕಾಲಿಗೆ ಬರುತ್ತೀರಿ. ಕೊರತೆ ಎರಡೂಮುಕ್ಕಾಲರಿಂದ ಏಳು ಗಂಟೆ ಕಾಲ. ರಾತ್ರಿ ಪಾಳಿಗೆ ಸಂಜೆ ಆರೂಮುಕ್ಕಾಲಿಗೆ ಹೊರಡಬೇಕು, ಅಪ್ಪ ಬರುವುದು ಒಂದೂವರೆಗೆ. ಅದೂ ಹೆಚ್ಚುಕಡಿಮೆ ಏಳು ಗಂಟೆ. ಆದರೆ ರಾತ್ರಿ ಪಾಳಿಯ ಲೆಕ್ಕಕ್ಕೆ ನಿಮ್ಮ ನಿದ್ರೆಯನ್ನೂ ಸೇರಿಸಲೇಬೇಕು. ಬೆಳಿಗ್ಗೆ ಒಂಬತ್ತೂವರೆಗೆ ಬಂದು ಸ್ನಾನ, ತಿಂಡಿ ಮುಗಿಸಿ ಹತ್ತೂವರೆಗೆ ಮಲಗಿದರೆ ಎರಡೂಮುಕ್ಕಾಲಿಗೆ ಮತ್ತೆ ಏಳುವಂತಾಗುತ್ತದೆ. ಅಷ್ಟು ನಿದ್ರೆ ಸಾಲದು. ತಾಯಿ ನಿದ್ರೆಗಣ್ಣಿನಲ್ಲಿರುವಾಗ ಮಗುವನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದು ಹೇಳಲಾಗದು. ನೀರಿನ ಬಕೆಟ್, ಗ್ಯಾಸ್, ಕಿಟಕಿ ಇರುವ ಮನೆಯಲ್ಲಿ ಎರಡೂವರೆ ವರ್ಷದ ಮಗುವಿಗೆ ಐದು ನಿಮಿಷ ಸಾಕು. ಹಾಗಾಗಿ ರಾತ್ರಿ ಪಾಳಿಯ ದಿನಗಳಲ್ಲೂ ಎರಡೂವರೆಯಿಂದಲೇ ಮಗುವಿಗೆ ಬೇರೆ ಜಾಗ ಬೇಕು.

ಈಗ ಇದನ್ನೆಲ್ಲ ಒಟ್ಟಿಗೆ ನೋಡಿ. ಪಾಳಿ ಯಾವುದೇ ಇರಲಿ, ಮಗು ಇನ್ನೊಬ್ಬರ ಕೈಗೆ ಹೋಗಬೇಕಾದ ಹೊತ್ತು ಪ್ರತಿದಿನವೂ ಮಧ್ಯಾಹ್ನ ಎರಡೂವರೆ. ಬದಲಾಗುವುದು ಕರೆದುಕೊಂಡು ಬರುವ ಹೊತ್ತು ಮಾತ್ರ. ಕೆಲವು ದಿನ ನಾಲ್ಕು ಗಂಟೆಗೆ, ಕೆಲವು ದಿನ ರಾತ್ರಿ ಹತ್ತಕ್ಕೆ, ಕೆಲವು ದಿನ ಮರುದಿನ ಬೆಳಿಗ್ಗೆ. ನಿಮ್ಮ ಕಣ್ಣಿಗೆ ತಾಳತಂತಿ ಇಲ್ಲದಂತೆ ಕಾಣುವ ತಿಂಗಳು ಮಗುವಿಗೂ ನೋಡಿಕೊಳ್ಳುವವರಿಗೂ ಒಂದೇ ಹೊತ್ತಿಗೆ ಶುರುವಾಗುತ್ತದೆ. ಊಟ ಮಾಡಿಸಿ, ಕೈಬಾಯಿ ತೊಳೆಸಿ, ಅಪ್ಪ ಎತ್ತಿಕೊಂಡು ಹೋಗಿ ಬಿಟ್ಟುಬರುವುದು. ವಾರದ ರಜೆ ಬಿಟ್ಟು ಉಳಿದ ಎಲ್ಲ ದಿನವೂ ಇದೇ ನಡೆಯಲಿ. ಬೆಳಗಿನ ಪಾಳಿಯ ದಿನ ಒಂದೇ ಗಂಟೆಯ ಮಾತು, ಹೇಗಾದರೂ ಸುಧಾರಿಸೋಣ ಎಂದು ತಪ್ಪಿಸಬೇಡಿ. ಆ ಒಂದು ಗಂಟೆಯೇ ಮಗುವಿಗೆ ಆ ಮನೆಯನ್ನು ರೂಢಿ ಮಾಡಿಸುತ್ತದೆ. ಡಬಲ್ ಡ್ಯೂಟಿ ಬಿದ್ದರೂ ಮಗು ಆಗಲೇ ಅಲ್ಲಿರುವುದರಿಂದ ನೀವು ಮಾಡಬೇಕಾದದ್ದು ಒಂದು ಫೋನ್ ಮಾತ್ರ.

ಆದ್ದರಿಂದ ಬೆಳಿಗ್ಗೆ ತೆರೆದು ಸಂಜೆ ಏಳಕ್ಕೆ ಮುಚ್ಚುವ ಡೇಕೇರ್ ನಿಮಗೆ ಹೊಂದುವುದಿಲ್ಲ. ನಿಮಗೆ ಬೇಡದ ಹೊತ್ತಿಗೆ ದುಡ್ಡು ಕೊಟ್ಟು, ಬೇಕಾದ ಹೊತ್ತಿಗೆ ಮತ್ತೊಬ್ಬರನ್ನು ಹುಡುಕಬೇಕಾಗುತ್ತದೆ. ನಿಮಗೆ ಬೇಕಾದವರು ನಿಮ್ಮ ಕಟ್ಟಡದಲ್ಲೇ ಅಥವಾ ನಡೆದು ಹೋಗುವಷ್ಟು ದೂರದಲ್ಲಿರುವ, ಮಧ್ಯಾಹ್ನದಿಂದ ರಾತ್ರಿಯವರೆಗೆ ಮನೆಯಲ್ಲೇ ಇರುವ ಹೆಂಗಸು. ಮಕ್ಕಳು ದೊಡ್ಡವರಾಗಿ ಕೆಲಸಕ್ಕೆ ಹೋಗುವ, ಐವತ್ತು ದಾಟಿದ ಗೃಹಿಣಿಯರು ಡೊಂಬಿವಲಿಯಲ್ಲಿ ಎಷ್ಟೋ ಮಂದಿ ಇದ್ದಾರೆ. ಕನ್ನಡ, ತುಳು ಮಾತನಾಡುವವರೂ ಕಡಿಮೆಯಿಲ್ಲ. ನಿಮ್ಮ ಸಂಘದ ಮಹಿಳಾ ವಿಭಾಗದಲ್ಲಿ, ಶನಿವಾರದ ಭಜನೆಯಲ್ಲಿ, ಅರಿಶಿನ ಕುಂಕುಮಕ್ಕೆ ಸೇರಿದಾಗ ಬಾಯಿಬಿಟ್ಟು ಕೇಳಿ. ನಮ್ಮವರಲ್ಲಿ ಅನೇಕರು ಮಗು ನೋಡಿಕೊಳ್ಳಲು ಜನ ಬೇಕು ಎಂದು ನಾಲ್ಕು ಜನರ ಮುಂದೆ ಹೇಳಲು ನಾಚುತ್ತಾರೆ. ಆ ನಾಚಿಕೆ ಬಿಟ್ಟರೆ ಅರ್ಧ ಕೆಲಸ ಆದಂತೆಯೇ.

ಪಕ್ಕದ ಕಟ್ಟಡದ ಆಂಟಿ ಏಕೆ ಬಿಟ್ಟರು ಎಂದು ನೀವು ಬರೆದಿಲ್ಲ. ಬಹುಶಃ ಮಗು ಕಾಟ ಕೊಟ್ಟಿತು ಎಂದಲ್ಲ. ದಿನಕ್ಕೆ 250 ಎಂದರೆ ಒಂದು ವಾರ ಐದು ದಿನದ ದುಡ್ಡು, ಮುಂದಿನ ವಾರ ಒಂದು ದಿನದ್ದು. ರಾತ್ರಿ ಹತ್ತಕ್ಕೆ ಫೋನ್ ಮಾಡಿ ನಾಳೆ ಬೇಕು ಎಂದರೆ ಅವರು ತಮ್ಮ ಮಗಳ ಮನೆಗೆ ಹೋಗುವ ಹಾಗಿಲ್ಲ. ಬೇಡ ಎಂದರೆ ಕಾದದ್ದಕ್ಕೆ ಬೆಲೆಯಿಲ್ಲ. ನಿಮ್ಮ ಡ್ಯೂಟಿ ಲಿಸ್ಟಿನ ಅನಿಶ್ಚಿತತೆಯನ್ನು ಪೂರ್ತಿಯಾಗಿ ಅವರ ತಲೆಗೆ ಕಟ್ಟಿದಂತಾಯಿತು. ನೀವು ದುಡ್ಡು ಕೊಡಬೇಕಾದದ್ದು ಗಂಟೆಗಲ್ಲ, ಅವರು ನಿಮಗಾಗಿ ತೆಗೆದಿಟ್ಟ ಹೊತ್ತಿಗೆ.

ಹೊಸದಾಗಿ ಸಿಗುವ ಆಂಟಿಯ ಜೊತೆ ನಾನಾದರೆ ಹೀಗೆ ಮಾತನಾಡುತ್ತೇನೆ. ನಾಲ್ಕು ಗಂಟೆಗೆ ಕರೆದೊಯ್ಯುವ ದಿನಕ್ಕೆ 50 ರೂಪಾಯಿ, ಊಟ ಮಾಡಿಸಿ ಹತ್ತರವರೆಗೆ ಇಟ್ಟುಕೊಳ್ಳುವ ದಿನಕ್ಕೆ 250, ಅಲ್ಲೇ ಮಲಗುವ ದಿನಕ್ಕೆ 450. ನಿಮ್ಮ 9, 9, 7ರ ಲೆಕ್ಕದಲ್ಲಿ ಇದು 450, 2,250, 3,150 ಆಗುತ್ತದೆ, ಒಟ್ಟು 5,850. ಅದನ್ನು 6,000 ಮಾಡಿ. ಲಿಸ್ಟ್ ಹೇಗೇ ಬಂದರೂ, ನೀವು ನಾಲ್ಕು ದಿನ ರಜೆ ಹಾಕಿದರೂ, ಒಂದನೇ ತಾರೀಕಿಗೆ 6,000 ಕೊಡುತ್ತೇನೆ ಎಂದು ಹೇಳಿ. ಹತ್ತರವರೆಗೆ ಇಟ್ಟುಕೊಳ್ಳುವ ದಿನವೋ ಅಲ್ಲೇ ಮಲಗುವ ರಾತ್ರಿಯೋ ಲೆಕ್ಕಕ್ಕಿಂತ ಹೆಚ್ಚಾದರೆ ಅದೇ ದರದಲ್ಲಿ ಮೇಲೆ ಕೊಡಿ. ಹಾಲು, ಹಣ್ಣು, ಡಯಾಪರ್ ನಿಮ್ಮ ಕಡೆಯಿಂದಲೇ ಹೋಗಲಿ. ನಿಮ್ಮ ಓಣಿಯ ದರ ನೋಡಿ ಅಂಕಿಯನ್ನು ತಿದ್ದಿಕೊಳ್ಳಿ, ಆದರೆ ತಿಂಗಳ ಮೊತ್ತ ನಿಶ್ಚಿತವಾಗಿರಲಿ. ಡೇಕೇರ್‌ಗೆ ಕೊಡಬೇಕಿದ್ದ 9,000ಕ್ಕಿಂತ ಇದು ಕಡಿಮೆಯೇ. ಉಳಿದದ್ದರಲ್ಲಿ 1,000 ರೂಪಾಯಿಯನ್ನು ಎರಡನೆಯವರಿಗಾಗಿ ಎತ್ತಿಡಿ. ಆ ವಿಷಯಕ್ಕೆ ಬರುತ್ತೇನೆ.

ರಾತ್ರಿ ಎಲ್ಲಿ ಮಲಗಬೇಕು ಎಂಬುದಕ್ಕೆ ನನ್ನ ಉತ್ತರ ಸ್ಪಷ್ಟ: ಆಂಟಿಯ ಮನೆಯಲ್ಲೇ, ಬೆಳಗಿನವರೆಗೆ. ಒಂದೂವರೆಗೆ ದಣಿದು ಬಂದ ಅಪ್ಪ ನಿದ್ದೆಯಲ್ಲಿರುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬರುವುದು ಯಾರಿಗೂ ಹಿತವಲ್ಲ. ಮಗು ಎದ್ದು ಅಳುತ್ತದೆ, ಆಂಟಿಯ ಮನೆಯವರೂ ಆ ಹೊತ್ತಿಗೆ ಬಾಗಿಲು ತೆರೆಯಬೇಕು. ಬದಲಿಗೆ ಬೆಳಿಗ್ಗೆ ಏಳೂವರೆಗೆ ಅಪ್ಪ ಹೋಗಿ ಕರೆತರಲಿ. ಮಗು ದಿನಾ ಹೊದೆಯುವ ಹೊದಿಕೆ, ದಿಂಬು, ಆಟದ ಗೊಂಬೆ ಒಂದನ್ನು ಅಲ್ಲೇ ಕಾಯಂ ಆಗಿ ಇಡಿ, ದಿನವೂ ಹೊತ್ತು ತರಬೇಡಿ. ರಾತ್ರಿ ಮಲಗಿಸುವ ಮೊದಲು ಆಂಟಿಯ ಮನೆಯಲ್ಲಿ ಮಧ್ಯಾಹ್ನದ ನಿದ್ರೆ ಒಂದೆರಡು ವಾರ ರೂಢಿಯಾಗಲಿ. ಬಿಟ್ಟು ಹೊರಡುವಾಗ ಮಗು ನೋಡದ ಹೊತ್ತಿಗೆ ಜಾರಿಕೊಳ್ಳಬೇಡಿ. 'ಇವತ್ತು ಇಲ್ಲಿ ಮಲಗುತ್ತೀಯ, ಬೆಳಿಗ್ಗೆ ಅಪ್ಪ ಬರುತ್ತಾರೆ' ಎಂದು ಹೇಳಿಯೇ ಹೊರಡಿ. ಅತ್ತರೂ ಚಿಂತೆಯಿಲ್ಲ. ಹೇಳದೆ ಹೋದ ತಾಯಿಯನ್ನು ಮಗು ಮರುದಿನ ಬಚ್ಚಲಿಗೂ ಬಿಡುವುದಿಲ್ಲ.

ಮನೆಯನ್ನು ನೋಡುವ ವಿಚಾರ. ಪರಿಚಯದವರು ಎಂಬ ಮಾತು ಸಾಲದು. ಹೇಳದೆ, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹೋಗಿ. ಮಕ್ಕಳು ಮಲಗೆದ್ದು ಗಲಾಟೆ ಮಾಡುವ ಹೊತ್ತು ಅದು, ನೋಡಿಕೊಳ್ಳುವವರ ತಾಳ್ಮೆ ಕಾಣಿಸುವುದು ಆಗಲೇ. ಮೊದಲು ಬಚ್ಚಲಿಗೆ ಹೋಗಿ. ನೀರು ಹೊತ್ತುಹೊತ್ತಿಗೆ ಬರುವ ನಮ್ಮ ಕಡೆ ಪ್ರತಿ ಮನೆಯಲ್ಲೂ ತುಂಬಿದ ಡ್ರಮ್ಮು, ಬಕೆಟ್ ಇರುತ್ತವೆ. ಈ ವಯಸ್ಸಿನ ಮಗುವಿನ ತಲೆ ಭಾರ. ಬಗ್ಗಿ ನೋಡಲು ಹೋಗಿ ಬಕೆಟ್ಟಿಗೆ ಮುಖ ಅಡಿಯಾಗಿ ಬಿದ್ದರೆ ತಾನಾಗಿ ಏಳಲಾಗದು, ಕೂಗಲೂ ಆಗದು. ಅರ್ಧ ಬಕೆಟ್ ನೀರು ಸಾಕು. ಡ್ರಮ್ಮಿಗೆ ಬಿಗಿ ಮುಚ್ಚಳ, ಬಚ್ಚಲ ಬಾಗಿಲಿಗೆ ಎತ್ತರದಲ್ಲಿ ಚಿಲಕ, ಇವೆರಡೂ ಇರಲೇಬೇಕು. ಇಲ್ಲದಿದ್ದರೆ ಚಿಲಕವನ್ನು ನಿಮ್ಮ ಖರ್ಚಿನಲ್ಲೇ ಹಾಕಿಸಿ ಕೊಡಿ, ಅವರು ಬೇಸರಪಡುವುದಿಲ್ಲ. ಆಮೇಲೆ ಕಿಟಕಿ. ಹೊರಗೆ ಚಾಚಿದ ಗ್ರಿಲ್ಲಿನಲ್ಲಿ ಗಿಡದ ಕುಂಡ ಜೋಡಿಸಿದ್ದರೆ, ಪಕ್ಕದಲ್ಲಿ ದಿವಾನ ಇದ್ದರೆ ಮಗು ಹತ್ತಿಯೇ ಹತ್ತುತ್ತದೆ. ದಿವಾನವನ್ನು ಬೇರೆ ಗೋಡೆಗೆ ಸರಿಸಿ ಎಂದು ಕೇಳಿ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಕೇಳಬೇಕು: ಸಂಜೆ, ರಾತ್ರಿ ಆ ಮನೆಯಲ್ಲಿ ಯಾರ್ಯಾರು ಇರುತ್ತಾರೆ? ಗಂಡ, ಮೈದುನ, ಪಿಜಿ ಹುಡುಗ, ಬಂದುಹೋಗುವ ನೆಂಟರು. ಮಗುವನ್ನು ಶೌಚಕ್ಕೆ ಕರೆದೊಯ್ಯುವುದು, ಬಟ್ಟೆ ಬದಲಿಸುವುದು ಆಂಟಿಯೇ ಎಂಬ ಮಾತು ಆಗಿರಲಿ. ಇದು ಅವಮಾನದ ಪ್ರಶ್ನೆಯಲ್ಲ. ಒಳ್ಳೆಯ ಮನೆಯವರು ಇದಕ್ಕೆ ಸಿಟ್ಟಾಗುವುದನ್ನು ನಾನು ಕಂಡಿಲ್ಲ. ಸಿಟ್ಟಾದರೆ ಅಲ್ಲಿಗೇ ಬಿಟ್ಟುಬಿಡಿ. ಅವರ ಬಳಿ ಬೇರೆ ಮಕ್ಕಳೂ ಇದ್ದರೆ ಎಷ್ಟು ಎಂದು ಎಣಿಸಿ. ಮನೆಯಲ್ಲಿ ಒಬ್ಬರೇ ನೋಡಿಕೊಳ್ಳುವಾಗ ಮೂರು ವರ್ಷದೊಳಗಿನ ಮಕ್ಕಳು ನಾಲ್ಕಕ್ಕಿಂತ ಹೆಚ್ಚಿದ್ದರೆ ನಾನು ನನ್ನ ಮಗುವನ್ನು ಬಿಡಲಾರೆ.

ಸಿಸಿಟಿವಿ ಇದೆ ಎಂಬ ಒಂದೇ ಕಾರಣಕ್ಕೆ ದೊಡ್ಡ ಡೇಕೇರ್ ಸುರಕ್ಷಿತ ಎನ್ನುವವರಿದ್ದಾರೆ. 2016ರ ನವೆಂಬರಿನಲ್ಲಿ ಖಾರ್‌ಘರ್‌ನ ಡೇಕೇರ್ ಒಂದರಲ್ಲಿ ಹತ್ತು ತಿಂಗಳ ಮಗುವನ್ನು ಆಯಾ ಹೊಡೆದದ್ದು ಕ್ಯಾಮೆರಾದಲ್ಲೇ ದಾಖಲಾಗಿತ್ತು. ಮಗುವಿಗೆ ಪೆಟ್ಟಾದ ಮೇಲೆ ಅದನ್ನು ತೆಗೆದು ನೋಡಿದರು. ಕ್ಯಾಮೆರಾ ಸಾಕ್ಷಿಯಾಗುತ್ತದೆ, ಕಾವಲಾಗುವುದಿಲ್ಲ. ಮಗುವಿನ ಮೈಯನ್ನು ಸ್ನಾನ ಮಾಡಿಸುವಾಗ ನೀವೇ ನೋಡಿ. ಆ ಮನೆಯ ಹೆಸರೆತ್ತಿದಾಗ ಮಗುವಿನ ಮುಖ ನೋಡಿ. ಎಲ್ಲಿಯಾದರೂ ಅನುಮಾನ ಹುಟ್ಟಿದರೆ ಮಕ್ಕಳ ಸಹಾಯವಾಣಿ 1098 ಇದೆ.

ಎರಡನೆಯವರು ಏಕೆ ಬೇಕು? ಆಂಟಿಗೂ ಜ್ವರ ಬರುತ್ತದೆ, ಅವರ ಮನೆಯಲ್ಲೂ ಮದುವೆ ಇರುತ್ತದೆ. ನಿಮ್ಮದೇ ಆಸ್ಪತ್ರೆಯಲ್ಲಿ ಡೊಂಬಿವಲಿ, ಕಲ್ಯಾಣ್, ಠಾಕುರ್ಲಿ ಕಡೆಯಿಂದ ಬರುವ, ಸಣ್ಣ ಮಕ್ಕಳಿರುವ ನರ್ಸ್‌ಗಳು ಒಂದಿಬ್ಬರಾದರೂ ಇರುತ್ತಾರೆ. ನಿಮ್ಮ ರಜೆಯ ದಿನ ಅವರ ಮಗು, ಅವರ ರಜೆಯ ದಿನ ನಿಮ್ಮ ಮಗು. ಇದರಲ್ಲಿ ದುಡ್ಡು ಓಡಾಡುವುದಿಲ್ಲ. ಆದರೆ ತಿಂಗಳಿಗೆ ಒಂದೆರಡು ದಿನಕ್ಕಿಂತ ಹೆಚ್ಚು ಇದನ್ನು ನೆಚ್ಚಬೇಡಿ. ಋಣದ ಲೆಕ್ಕ ಬೆಳೆದರೆ ಸ್ನೇಹ ಕೆಡುತ್ತದೆ. ಅವರು ಸಿಗದ ದಿನಕ್ಕಾಗಿ ಕಟ್ಟಡದಲ್ಲೇ ಇನ್ನೊಬ್ಬರನ್ನು ಗೊತ್ತುಮಾಡಿಕೊಂಡು, ಆ 1,000ವನ್ನು ಕರೆದರೂ ಕರೆಯದಿದ್ದರೂ ಅವರಿಗೆ ಕೊಡಿ. ಮಗು ಅವರ ಮನೆಗೂ ಆಗಾಗ ಹೋಗಿ ಬರುತ್ತಿರಲಿ, ಮೊದಲ ಸಲವೇ ತುರ್ತಿನಲ್ಲಿ ಹೋಗುವಂತಾಗಬಾರದು.

ಮಳೆಗಾಲಕ್ಕೆ ಬೇರೆಯದೇ ತಯಾರಿ ಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಲೋಕಲ್ ನಿಂತಾಗ ತಂದೆ ತಾಯಿ ಇಬ್ಬರೂ ಮರುದಿನದವರೆಗೆ ಮನೆ ಮುಟ್ಟದ ಕುಟುಂಬಗಳಿದ್ದವು. ಅಷ್ಟಲ್ಲದಿದ್ದರೂ ಹಳಿಯ ಮೇಲೆ ನೀರು ನಿಲ್ಲುವ ದಿನಗಳು ಪ್ರತಿ ವರ್ಷ ಬರುತ್ತವೆ. ನೀವಿಬ್ಬರೂ ಸಿಕ್ಕಿಹಾಕಿಕೊಂಡರೆ ಮಗು ಆಂಟಿಯ ಮನೆಯಲ್ಲೇ ಉಳಿಯುತ್ತದೆ ಎಂಬುದನ್ನು ಜೂನ್‌ಗೆ ಮೊದಲೇ ಮಾತನಾಡಿಕೊಳ್ಳಿ. ಎರಡು ದಿನದ ಬಟ್ಟೆ, ಹಾಲಿನ ಪುಡಿ, ಓಆರ್‌ಎಸ್, ವೈದ್ಯರು ಮಗುವಿನ ತೂಕಕ್ಕೆ ಬರೆದುಕೊಟ್ಟ ಜ್ವರದ ಔಷಧಿ ಮತ್ತು ಪ್ರಮಾಣ, ಇಷ್ಟನ್ನು ಒಂದು ಚೀಲದಲ್ಲಿ ಅವರ ಮನೆಯಲ್ಲಿಡಿ. ಒಂದು ಹಾಳೆಯಲ್ಲಿ ಮಕ್ಕಳ ವೈದ್ಯರ ನಂಬರು, ಮಗುವಿಗೆ ಆಗದ ಪದಾರ್ಥ, ಮಗುವನ್ನು ಕರೆದೊಯ್ಯಲು ಯಾರಿಗೆ ಅನುಮತಿ ಎಂದು ಬರೆದು ಫ್ರಿಜ್ಜಿಗೆ ಅಂಟಿಸಿ. ಅದರಲ್ಲಿ ಮೊದಲ ಫೋನ್ ನಂಬರು ಅಪ್ಪನದಿರಲಿ. ವಾರ್ಡಿನಲ್ಲಿ ಇಂಜೆಕ್ಷನ್ ಕೊಡುತ್ತಿರುವ ನಿಮಗಿಂತ ಅವರು ಬೇಗ ಫೋನ್ ಎತ್ತಬಲ್ಲರು.

ಅಪ್ಪನ ಪಾಲು ಅಷ್ಟಕ್ಕೇ ಮುಗಿಯಬಾರದು. ಹೋಟೆಲಿನಲ್ಲಿ ವಾರದ ರಜೆಯನ್ನು ಮಾಲೀಕರ ಬಳಿ ಕೇಳಿ ಗೊತ್ತುಮಾಡಿಕೊಳ್ಳಬಹುದು. ವಾರದ ನಿಮ್ಮ ರಾತ್ರಿ ಪಾಳಿಗಳಲ್ಲಿ ಒಂದು ಅವರ ರಜೆಯ ದಿನಕ್ಕೆ ಬಿದ್ದರೆ ತಿಂಗಳಿಗೆ ಮೂರೋ ನಾಲ್ಕೋ ರಾತ್ರಿ ಮಗು ಮನೆಯಲ್ಲೇ ಮಲಗುತ್ತದೆ. ನೀವು ಸಿಸ್ಟರ್ ಇನ್‌ಚಾರ್ಜ್ ಬಳಿ ಹೋಗುವಾಗ ನೈಟ್ ಮಾಡುವುದಿಲ್ಲ ಎನ್ನಬೇಡಿ, ಆ ಮಾತಿಗೆ ಉತ್ತರ ಸಿದ್ಧವಿರುತ್ತದೆ. ಈ ವಾರ ನೈಟ್ ಇದ್ದರೆ ಈ ದಿನಗಳಲ್ಲಿ ಕೊಡಿ, ಬಿಡಿಬಿಡಿಯಾಗಿ ಬೇಡ, ಲಿಸ್ಟನ್ನು ಶನಿವಾರದ ಬದಲು ಗುರುವಾರ ತೋರಿಸಿ ಎಂದು ಕೇಳಿ. ಆಸ್ಪತ್ರೆಗೆ ಇದರಿಂದ ಒಂದು ರೂಪಾಯಿಯೂ ಖರ್ಚಿಲ್ಲ. ಎರಡು ದಿನ ಮೊದಲು ಗೊತ್ತಾದರೆ ನಿಮ್ಮ ಅರ್ಧ ಪರದಾಟ ತಪ್ಪುತ್ತದೆ.

ಆಸ್ಪತ್ರೆಯವರು ಕೊಡಬೇಕಾದದ್ದೂ ಇದೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು. ಎಣಿಕೆ ಒಟ್ಟು ನೌಕರರದು, ಹೆಂಗಸರದ್ದು ಮಾತ್ರವಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ 67ನೇ ಸೆಕ್ಷನ್‌ನಲ್ಲೂ ಈ ಹೊಣೆ ಮುಂದುವರಿದಿದೆ. ಸಂಸ್ಥೆ ತಾನೇ ನಡೆಸಬೇಕೆಂದಿಲ್ಲ, ಬೇರೆ ಸಂಸ್ಥೆಗಳ ಜೊತೆ ಸೇರಿ ಸಾಮಾನ್ಯ ಕೇಂದ್ರವನ್ನು ಬಳಸಲೂ ಅವಕಾಶವಿದೆ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಹಗಲು ರಾತ್ರಿ ಪಾಳಿ ಇರುವ ಕಡೆ ಕೇಂದ್ರವೂ ಅದಕ್ಕೆ ತಕ್ಕಂತೆ ನಡೆಯಬೇಕು. ಒಬ್ಬರೇ ಕೇಳಿದರೆ ನಿಮ್ಮ ಮೇಲೆ ಕಣ್ಣು ಬೀಳಬಹುದು. ಹತ್ತು ಜನರ ಸಹಿಯಿರುವ ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ನಿಮ್ಮ ಮಟ್ಟಿಗೆ ಒಂದು ಕಷ್ಟವಿದೆ: ಡೊಂಬಿವಲಿ ಕಡೆಗೆ ಬರುವ ರಾತ್ರಿ ಒಂಬತ್ತರ ಲೋಕಲ್‌ನಲ್ಲಿ ನಿದ್ದೆ ಹೋದ ಮಗುವನ್ನು ಎತ್ತಿಕೊಂಡು ಮುಲುಂಡ್‌ನಿಂದ ಹತ್ತುವುದನ್ನು ನಾನು ಸೂಚಿಸಲಾರೆ. ಆದ್ದರಿಂದ ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಕೇಂದ್ರವನ್ನು ಬಳಸಲಾಗದಷ್ಟು ದೂರದಲ್ಲಿರುವವರಿಗೆ ಮನೆಯ ಹತ್ತಿರದ ಪಾಲನೆಯ ಖರ್ಚಿನಲ್ಲಿ ಒಂದು ಪಾಲು ಕೊಡಿ. ಇದನ್ನು ಕಾನೂನಿನ ಹಕ್ಕೆಂದು ಬರೆಯಬೇಡಿ, ಕೋರಿಕೆಯಾಗಿ ಬರೆಯಿರಿ.

ಸರ್ಕಾರದ ಪಾಲನಾ ಯೋಜನೆಯ ಅಂಗನವಾಡಿ-ಶಿಶುಪಾಲನಾ ಕೇಂದ್ರಗಳು ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗಾಗಿ ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ ತೆರೆದಿರಬೇಕು. ಹಗಲು ಪಾಳಿಯವರಿಗೆ ಒಳ್ಳೆಯದು, ನಿಮ್ಮ ಸಂಜೆಗೆ ಒದಗುವುದಿಲ್ಲ. ಆದರೆ ಮಗಳಿಗೆ ಮೂರು ತುಂಬಿದ ಮೇಲೆ ಹತ್ತಿರದ ಅಂಗನವಾಡಿಗೆ ಬೆಳಗಿನ ಹೊತ್ತು ಕಳುಹಿಸಿ. ಒಂದೂವರೆಗೆ ಬಂದು ಮಲಗುವ ಅಪ್ಪನಿಗೂ ಸ್ವಲ್ಪ ನಿದ್ರೆ ಸಿಗುತ್ತದೆ.

ಅತ್ತೆಯವರ ಮಾತಿನಲ್ಲಿ ಪ್ರೀತಿಯಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಮಕ್ಕಳನ್ನು ಊರಿನಲ್ಲಿ ಬಿಟ್ಟು ಮುಂಬಯಿಯಲ್ಲಿ ದುಡಿದ ನಮ್ಮವರು ಬಹಳ. ಆರು ತಿಂಗಳೆಂದು ಕಳುಹಿಸಿದ್ದು ಎರಡು ವರ್ಷವಾಗಿ, ಮಗು ಮರಳಿ ಬಂದಾಗ ಅಮ್ಮನ ಪಕ್ಕ ಮಲಗಲು ಒಪ್ಪದಿದ್ದ ಮನೆಗಳನ್ನು ನೋಡಿದ್ದೇನೆ. ಬದಲಿಗೆ ಅವರನ್ನೇ ಕರೆಸಿ, ಆಂಟಿ ಗೊತ್ತಾಗಿ ಮಗು ಅಲ್ಲಿ ಒಗ್ಗುವ ಮೊದಲ ತಿಂಗಳಿಗೆ. ಮತ್ಸ್ಯಗಂಧ ರೈಲಿನಲ್ಲಿ ಉಡುಪಿಯಿಂದ ಹತ್ತಿದರೆ ಮರುದಿನ ಬೆಳಕು ಹರಿಯುವಾಗ ಥಾಣೆ. ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ನಿಮ್ಮ ಡ್ಯೂಟಿ ಲಿಸ್ಟ್ ಬರುವುದು ವಾರಕ್ಕೊಮ್ಮೆ. ಆದ್ದರಿಂದ ಲಿಸ್ಟ್ ನೋಡಿ ಅವರನ್ನು ಕರೆಸುವ ಯೋಚನೆ ನಡೆಯದು. ತಿಂಗಳು ಗೊತ್ತುಮಾಡಿ ಈಗಲೇ ಟಿಕೆಟ್ ತೆಗೆಯಿರಿ. ಆ ತಿಂಗಳೂ ಮಗು ದಿನಾ ಎರಡೂವರೆಗೆ ಆಂಟಿಯ ಮನೆಗೆ ಹೋಗಲಿ, ಜೊತೆಗೆ ಅಜ್ಜಿಯೂ ಹೋಗಿ ಕುಳಿತುಕೊಳ್ಳಲಿ. ಆ ಮನೆಯ ಬಗ್ಗೆ ಅಜ್ಜಿ ಹೇಳುವುದನ್ನು ಕಿವಿಗೊಟ್ಟು ಕೇಳಿ.

ಆಸ್ಪತ್ರೆಗೆ ಕೊಡುವ ಅರ್ಜಿಯನ್ನು ಕನ್ನಡದಲ್ಲಿ ಬರೆದು ಕಳುಹಿಸಿದರೂ ಸಾಕು, ತಿದ್ದಿ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಮಾಡಿಕೊಡುತ್ತೇನೆ. ಸಹಿ ಹಾಕುವವರಲ್ಲಿ ವಾರ್ಡ್‌ಬಾಯ್, ಲ್ಯಾಬ್‌ನವರು, ಸೆಕ್ಯೂರಿಟಿಯವರೂ ಇರಲಿ, ಅವರ ಮನೆಗಳಲ್ಲೂ ಸಣ್ಣ ಮಕ್ಕಳಿವೆ.